ಕಪ್ಪು ವೈರು ಮೊದಲು

ನಿಮ್ಮಜ್ಜಿ ಒಂದು ಕಾಲಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನ ವೈರು ಕಟ್ಟುತ್ತಿದ್ದಳು ಎಂದರೆ ನೀವು ನಂಬುವುದಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಆಗ ನಾವು ಶೆಟ್ಟಿಹಳ್ಳಿಯಲ್ಲಿ ಬಾಡಿಗೆಗಿದ್ದೆವು. ಎಕ್ಸ್‌ಚೇಂಜಿನ ಪೆಟ್ಟಿಗೆಗಳಿಗೆ ವೈರಿನ ಕಟ್ಟು ತಯಾರಿಸಲು ಅಂತರಸನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿಗೆ ಹೆಂಗಸರು ಬೇಕಾಗಿದ್ದರು. ಗುಬ್ಬಿ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದ ನನ್ನನ್ನು ಸೂಪರ್‌ವೈಸರು ಕೇಳಿದ್ದು ಒಂದೇ ಪ್ರಶ್ನೆ.

"ಹೂ ಕಟ್ಟೋಕೆ ಬರುತ್ತೇನಮ್ಮಾ?"

ತಲೆಯಾಡಿಸಿದೆ.

"ಸರಿ, ಒಂದ್ ತಿಂಗಳು ನೋಡ್ತೀನಿ. ಆಮೇಲೆ ಖಾಯಂ."

ಮನೆಯಿಂದಾಚೆ ನನ್ನದು ಅನ್ನುವ ಒಂದು ಸ್ಟೂಲು. ಅದು ನನಗೆ ಎಷ್ಟು ಬೇಕಾಗಿತ್ತೆಂದು ನಿಮ್ಮ ತಾತನಿಗೂ ಹೇಳಿರಲಿಲ್ಲ.

ಮೊಳೆ ಹೊಡೆದ ಹಲಗೆಯ ಮೇಲೆ ವೈರು ಹಾಸಿ ಮೇಣದ ದಾರದಲ್ಲಿ ಗಂಟು ಹಾಕುತ್ತಾ ಹೋಗಬೇಕು. ಕರೆಂಟಿನ ದಪ್ಪ ವೈರುಗಳ ಕಟ್ಟು ಬೇರೆ. ಯಾವ ಕರೆ ಎತ್ತ ಹೋಗಬೇಕೆಂದು ಪೆಟ್ಟಿಗೆಗೆ ಅಪ್ಪಣೆ ಕೊಡುವ ಸಣ್ಣ ವೈರುಗಳ ಕಟ್ಟು ಬೇರೆ. ಸಣ್ಣ ವೈರುಗಳನ್ನು ಪ್ಲಗ್ಗಿನ ಹತ್ತು ತೂತಿಗೆ ನಕ್ಷೆಯಲ್ಲಿದ್ದ ಬಣ್ಣದ ಪ್ರಕಾರ ತೂರಿಸಬೇಕು: ಮೊದಲು ಕಪ್ಪು, ಕೊನೆಗೆ ಕೆಂಪು.

ಪ್ಲಗ್ಗಿನ ಕೆಲಸ ನನ್ನ ಕೈಗೆ ಬಂದದ್ದು ಆ ತಿಂಗಳ ಕೊನೆಯ ಶುಕ್ರವಾರ. ಶುಕ್ರವಾರ, ಹೊಸ ಕೆಲಸ, ಮೊದಲು ಮುಟ್ಟುವುದು ಕಪ್ಪನ್ನೇ? ಮನಸ್ಸು ಒಪ್ಪಲಿಲ್ಲ. ಎಲ್ಲ ತೂತೂ ತುಂಬಿದರಾಯಿತಲ್ಲ ಎಂದುಕೊಂಡು ಕೆಂಪನ್ನು ಮೊದಲ ತೂತಿಗಿಟ್ಟು ಕಪ್ಪನ್ನು ಕೊನೆಯ ತೂತಿಗೆ ತಳ್ಳಿದೆ. ಎಂಟು ಕಟ್ಟಿಗೂ ಹಾಗೇ. ಅವುಗಳ ಇನ್ನೊಂದು ತುದಿ ಪಕ್ಕದಲ್ಲಿ ಕೂರುತ್ತಿದ್ದ ಗೂಳೂರಿನವಳ ಪಾಲು. ಅವಳು ನಕ್ಷೆಯಂತೆಯೇ ಹಾಕಿದ್ದಳು.

ಪರೀಕ್ಷೆಯ ಪೆಟ್ಟಿಗೆಗೆ ಸಿಕ್ಕಿಸಿದರೆ ವೈರಿಗೊಂದರಂತೆ ಹತ್ತು ದೀಪ ಹತ್ತಬೇಕು; ಮೊದಲ ದೀಪವೂ ಇಲ್ಲ, ಕೊನೆಯ ದೀಪವೂ ಇಲ್ಲ. ಸೂಪರ್‌ವೈಸರು ಗೂಳೂರಿನವಳ ಕಡೆ ತಿರುಗಿದರು.

"ನಿನ್ ಬಾಯಿ ಓಡೋವಾಗ ಕೈ ತಪ್ಪದೆ ಇನ್ನೇನು?"

"ಅಯ್ಯೋ ಬುಡಿ ಸಾರ್, ಬಾಯಿ ಓಡಿದ್ರೇನೇ ನನ್ ಕೈ ಓಡೋದು!"

ಸ್ಟೂಲು ಹೋಯಿತು ಎಂದುಕೊಂಡೆ. ಆದರೂ ಸುಮ್ಮನೆ ಕೂರಲಾಗಲಿಲ್ಲ. "ನಾನು ಸಾರ್," ಎಂದು ಎದ್ದು ನಿಂತೆ. "ಶುಕ್ರವಾರ ಕಪ್ಪಿನಿಂದ ಶುರು ಮಾಡೋಕೆ ಮನಸ್ಸು ಬರ್ಲಿಲ್ಲ."

ಗೂಳೂರಿನವಳು ಬಾಯಿಗೆ ಸೆರಗು ಹಿಡಿದಳು. "ಅಕ್ಕಾ, ನಿಂಗೆ ಮಾತೂ ಬರುತ್ತಾ! ಮಗೀಗೆ ಸಿಂಗಾರ ಮಾಡಿದ್ರೆ ದೃಷ್ಟಿ ಬೊಟ್ಟು ಇಡಲ್ವಾ? ಇದೂ ಹಂಗೇ ಅಂದ್ಕೋ ಕಣಕ್ಕಾ."

ಸೂಪರ್‌ವೈಸರಿಗೂ ನಗು ಬಂತು. "ಮೊದ್ಲು ಎಂಟಕ್ಕೂ ಬೊಟ್ಟು ಇಡಮ್ಮಾ, ಆಮೇಲೆ ನೋಡೋಣ."

ಊಟಕ್ಕೂ ಏಳದೆ ಬಿಚ್ಚಿ ಸರಿಮಾಡಿದೆ. ಸಂಜೆಗೆ ಹತ್ತೂ ದೀಪ ಹತ್ತಿದವು. ಅವರು ಎಂಟನೆಯದನ್ನೂ ನೋಡಿ ಮುಗಿಸಿ, "ಸೋಮವಾರ ಬೇಗ ಬಾ. ಆ ಸ್ಟೂಲು ಒಂದ್ಕಡೆ ಅಲ್ಲಾಡುತ್ತೆ, ಮೊಳೆ ಹೊಡೆಸ್ಕೋ," ಎಂದರು.

ಮುಂದೆ ಕುಣಿಗಲ್‌ನ ಅಕ್ಕನ ಮನೆಯಲ್ಲಿ ಫೋನು ಬಡಿದುಕೊಂಡಾಗಲೆಲ್ಲ, ಈ ಕರೆಗೆ ಬೊಟ್ಟು ಇಟ್ಟವಳು ನಾನೇ ಇರಬಹುದು ಎಂದು ಒಳಗೊಳಗೇ ನಗುತ್ತಿದ್ದೆ.