ಸೀರೆಯ ಮಡಿಕೆಯಲ್ಲೊಂದು ಚೀಟಿ

ಇಳಕಲ್ಲಿನ ಒಂದು ಮಗ್ಗದ ಮನೆಯಲ್ಲಿ ಅಂದು ಸೇರಿದ್ದವರು ನಾವು ಐದು ಮಂದಿ ನೇಕಾರರು ಮತ್ತು ಮಗ್ಗ ಬಿಟ್ಟೇಳದ ಅಜ್ಜ. ಬಾದಾಮಿಯ ಮದುವೆಗೆ ಕರೆದರೂ ಅವರು, "ನಾ ಯಾಕ? ನನ್ನ ಸೀರಿ ಹೋಗ್ತದಲ್ಲ!" ಎನ್ನುವವರು.

ಖರ್ಚು ಕಡಿತವೆಂದು ಕೇಂದ್ರ ಸರ್ಕಾರ ನೂಲಿನ ರಿಯಾಯಿತಿ ನಿಲ್ಲಿಸಿತ್ತು. ಇನ್ನು ಮಗ್ಗಗಳೂ ನಿಲ್ಲುವುದರಲ್ಲಿದ್ದವು. ಸೊಲ್ಲಾಪುರದ ನೇಕಾರರೊಡನೆ ಅಲ್ಲೇ ಮೆರವಣಿಗೆ ಎಂದಾಯಿತು. ಗಡಿಯಾಚೆ ಮನೆಮನೆಗೆ ಸುದ್ದಿ ಒಯ್ಯುವವರು ಯಾರು?

"ಸೀರಿ ಹೋಗ್ತದಲ್ಲೋ ತಮ್ಮಾ!" ಎಂದರು ಅಜ್ಜ.

"ಮರಾಠಿ ಬರಿಯಾಕ ಬರ್ತದೇನ್ರಿ ಅಜ್ಜಾರ?" ಎಂದು ನಾನು ಕೇಳಿದೆ.

"ನನಗ ಕನ್ನಡನೂ ಬರೂದಿಲ್ಲ. ನೀ ಬರಿ, ನಾ ಮಡಚ್ತೇನಿ."

ಮಾರಾಟಕ್ಕೆ ಹೋಗುವ ಪ್ರತಿ ಸೀರೆಯ ಮಡಿಕೆಯಲ್ಲೂ ಮೆರವಣಿಗೆಗೆ ಕರೆಯುವ ಒಂದು ಮರಾಠಿ ಚೀಟಿ ಹೋಯಿತು.

ಸೊಲ್ಲಾಪುರದ ಬೀದಿಯಲ್ಲಿ ಇಳಕಲ್ ಸೀರೆಯುಟ್ಟ ಹೆಂಗಸರೇ ತುಂಬಿದ್ದರು. ಮಗ್ಗ ಬಿಟ್ಟು ಬಂದಿದ್ದ ಅಜ್ಜ ಘೋಷಣೆ ಮರೆತು, "ಈ ಸೆರಗು ನಂದು, ಅದೂ ನಂದು!" ಎನ್ನುತ್ತ ನಡೆದರು.

ಮುಂದೆ ರಿಯಾಯಿತಿ ಮರಳಿ ಬಂತು. ಅಜ್ಜ ಆ ಹೆಂಗಸರಿಗಾಗಿ ನನ್ನಿಂದ ಮತ್ತೆ ಚೀಟಿ ಬರೆಸಿದರು: "ಬಂದ್ರಿ, ಭಾಳ ಚಲೋ ಆತವ್ವಾ."