ಚೆಂಡು ಒದೆಯುವ ಮೊದಲು

ಬೆಳಕು ಹರಿಯುವ ಮೊದಲು ಜೋಸ್ಲಿನ್ ಬಚ್ಚಲೊಲೆಗೆ ತೆಂಗಿನ ಮಡಲು ತುರುಕಿ ಉರಿ ಮಾಡಿದಳು, ಕುಚ್ಚಲಕ್ಕಿ ಗಂಜಿಗಿಟ್ಟಳು, ಕೋಳಿಗೂಡು ತೆರೆದಳು, ಬಂಗುಡೆ ಮೀನು ಶುಚಿ ಮಾಡಿ ಮಸಾಲೆ ರುಬ್ಬಿದಳು, ಅತ್ತೆ ರೋಸಿಯ ಕಾಲಿಗೆ ಎಣ್ಣೆ ತಿಕ್ಕಿದಳು, ಮೈದುನ ಡೆನ್ವರನ ಬೂಟಿನ ಮಣ್ಣು ಕೆರೆದಳು. ಇಷ್ಟು ಮುಗಿದರೆ ಮಾತ್ರ ಭಾನುವಾರ ಫುಟ್‌ಬಾಲ್ ರೆಫ್ರಿಯಾಗಲು ಅನುಮತಿ. ಗಂಡ ಇಮ್ಯಾನುಯೆಲ್ ಕುವೈತಿನಿಂದ ಫೋನಿನಲ್ಲಿ, "ಅಮ್ಮ ಒಪ್ಪಿದರೆ ನನ್ನದೇನೂ ಇಲ್ಲ" ಎನ್ನುತ್ತಾನೆ. ಡೆನ್ವರ್ ಬೈಕಿನಲ್ಲಿ ಕರೆದೊಯ್ದು ಕರೆತರುವುದಾದರೆ ಅಮ್ಮ ಒಪ್ಪುತ್ತಾರೆ. ಮಣಿಪಾಲದಲ್ಲಿ ಓದುವಾಗ ಕಲಿತ ಈ ರೆಫ್ರಿ ಕೆಲಸಕ್ಕೆ ಈಗ ಉಳಿದಿರುವ ದಾರಿ ಆ ಬೈಕಿನ ಹಿಂದಿನ ಸೀಟು ಒಂದೇ.

ಡೆನ್ವರ್ ಆಡುವ ಪಂದ್ಯಕ್ಕೆ ಅವಳು ರೆಫ್ರಿಯಾಗುವುದಿಲ್ಲ. ಆದರೆ ಆ ದಿನ ಕಾಪುವಿನ ಮೈದಾನದಲ್ಲಿ ಅವನ ತಂಡದ ಪಂದ್ಯಕ್ಕೆ ಕಾರ್ಕಳದಿಂದ ಬರಬೇಕಿದ್ದ ರೆಫ್ರಿ ಬರಲಿಲ್ಲ. ಎದುರು ತಂಡದ ನಾಯಕ ವಿಶಾಲನೇ, "ಅಕ್ಕ, ನೀವೇ ಮಾಡಿ. ನಮಗೆ ತೊಂದರೆ ಇಲ್ಲ" ಎಂದ.

ಗೋಲಿಲ್ಲದೆ ಆಟ ಕೊನೆಗೆ ಬಂತು. ವಿಶಾಲನ ತಂಡಕ್ಕೆ ಮೈದಾನದ ಮೂಲೆಯಿಂದ ಚೆಂಡು ಒದೆಯುವ ಕಾರ್ನರ್ ಸಿಕ್ಕಿತು. ಗೋಲಿನೆದುರು ಎಲ್ಲರೂ ಗುಂಪಾದರು. ಡೆನ್ವರ್ ವಿಶಾಲನ ಸೊಂಟಕ್ಕೆ ತೋಳು ಸುತ್ತಿದ. ಜೋಸ್ಲಿನ್ ತಕ್ಷಣ ವಿಸಿಲ್ ಊದಿದಳು. ಚೆಂಡು ಒದೆಯುವ ಮೊದಲು ಹಿಡಿದರೆ ಎಚ್ಚರಿಕೆ, ಹೆಚ್ಚೆಂದರೆ ಹಳದಿ ಕಾರ್ಡ್. ಒದೆದ ಮೇಲೂ ಹಿಡಿದಿದ್ದರೆ ಎದುರು ತಂಡಕ್ಕೆ ಪೆನಾಲ್ಟಿ, ಹೆಚ್ಚುಕಡಿಮೆ ಗೋಲೇ.

"ಕೈ ತೆಗಿ, ಡೆನ್ವರ್."

"ನಾನು ಎಂತ ಮಾಡಿದೆ ಅತ್ತಿಗೆ? ನಿಂತದ್ದು ಮಾತ್ರ."

"ಅಪ್ಪಿಕೊಂಡು ನಿಂತದ್ದು," ಎಂದ ವಿಶಾಲ್. "ನನ್ನ ಹೆಂಡತಿಯೂ ಹೀಗೆ ಹಿಡಿಯುವುದಿಲ್ಲ ಮಾರಾಯ."

ಸುತ್ತಲಿನವರು ನಕ್ಕರು. ಎಲ್ಲರೂ ಜಾಗಕ್ಕೆ ಮರಳಿದ್ದೇ ಮತ್ತೆ ಅದೇ ತೋಳು, ಮತ್ತೆ ವಿಸಿಲ್. ಕಾರ್ಡ್ ತೋರಿಸಬೇಕಾದಲ್ಲಿ ಜೋಸ್ಲಿನ್ ಬರೀ ಬೆರಳು ತೋರಿಸಿದಳು. "ಇನ್ನು ಹಿಡಿದರೆ ಪೆನಾಲ್ಟಿ ಕೊಡುತ್ತೇನೆ."

ಡೆನ್ವರ್ ಹತ್ತಿರ ಬಂದು ದನಿ ತಗ್ಗಿಸಿದ. "ಕೊಡಿ. ಮನೆಗೆ ಬಸ್ಸಿನಲ್ಲಿ ಬನ್ನಿ. ಬರುವ ಭಾನುವಾರಕ್ಕೆ ಅಮ್ಮನ ಹತ್ತಿರ ನೀವೇ ಕೇಳಿ, ಆಯ್ತಲ್ವಾ?"

ಊಟಕ್ಕೆ ಕುಳಿತವರ ಹುಬ್ಬು ಗಂಟಿಕ್ಕುವ ಮೊದಲೇ ಉಪ್ಪು ಮುಂದಿಡುವುದು, ಮಾತು ಏರುವ ಮೊದಲೇ ತನ್ನದೇ ತಪ್ಪು ಎನ್ನುವುದು ಅವಳಿಗೆ ರೂಢಿಯಾಗಿತ್ತು. ಇನ್ನೊಮ್ಮೆ ಚೆಂಡು ಒದೆಯುವ ಮೊದಲೇ ವಿಸಿಲ್ ಊದಿದರೆ ಇದೂ ಹಾಗೇ ಕಳೆಯುತ್ತಿತ್ತು. ಮುಂದಿನ ಭಾನುವಾರವೂ ಉಳಿಯುತ್ತಿತ್ತು.

ಕಾರ್ನರ್ ಒದೆಯುವವನು ಕೈ ಎತ್ತಿದ. ಡೆನ್ವರನ ಬೆರಳುಗಳು ವಿಶಾಲನ ಅಂಗಿಯನ್ನು ಬಿಗಿಯಾಗಿ ಹಿಡಿದವು. ಜೋಸ್ಲಿನ್ ಲೈನಿನಲ್ಲಿದ್ದ ಸಹಾಯಕ ರೆಫ್ರಿಯ ಕಡೆ ನೋಡಿದಳು. ಅವನು ತನ್ನ ಕೈಯ ಬಾವುಟವನ್ನೇ ನೋಡುತ್ತಿದ್ದ.

ಅವಳು ಊದಲಿಲ್ಲ. ಒದೆದ ಚೆಂಡು ಮೇಲೇಳುವವರೆಗೆ ಕಾದಳು. ವಿಶಾಲ್ ನೆಗೆಯಲಾರದೆ ಹಿಂದಕ್ಕೆ ವಾಲಿದ. ಆಗ ವಿಸಿಲ್ ಊದಿ, ಪೆನಾಲ್ಟಿ ಗುರುತಿನತ್ತ ಕೈ ಚಾಚಿದಳು.