ಹಳ್ಳಕ್ಕೆ ಬಿದ್ದ ದೊರೆಯ ಪಟ

ಆಲೂಗಡ್ಡೆ ಮಾರಲು ಹಾಸನಕ್ಕೆ ಹೋಗಿದ್ದ ಅಪ್ಪ, ಊರು ಬಿಟ್ಟು ಹೊರಟಿದ್ದ ಇಂಗ್ಲಿಷ್ ದೊರೆಯೊಬ್ಬನ ಬಂಗಲೆಯ ಸಾಮಾನಿನ ಹರಾಜಿಗೂ ನುಗ್ಗಿದ್ದ. ಕೊಳ್ಳಬೇಕೆಂದಿದ್ದದ್ದು ಒರಗುಕುರ್ಚಿ, ಗಾಡಿಯಿಂದ ಇಳಿದದ್ದು ಗಾಜು ಹಾಕಿದ ಎರಡು ಪಟ. ಯುದ್ಧದ ಕಾಲ, ಸೀಮೆಎಣ್ಣೆಗೂ ತತ್ವಾರ. "ಕುಂತ್ಕಳಾಕೆ ಕುರ್ಚಿ ತತ್ತೀನಿ ಅಂದೋರು ಬಿದ್ದೋನ ಪಟ ತಂದವ್ರೆ!" ಎಂದು ಅವ್ವ ಹಣೆ ಚಚ್ಚಿಕೊಂಡಳು.

ಅವ್ವ ಅಂದದ್ದು ಸುಳ್ಳಲ್ಲ. ಒಂದು ಪಟದಲ್ಲಿ ದೊರೆಗಳು, ದೊರೆಸಾನಿಯರು ಮರದ ಕೆಳಗೆ ತಿಂದು ಕುಡಿದು ಮೈಮರೆತಿದ್ದರು. ನಾಯಿಯೊಂದು ತಟ್ಟೆಗೇ ಬಾಯಿ ಹಾಕಿತ್ತು. ಇನ್ನೊಂದು ನರಿಬೇಟೆ. ಕೆಂಪು ಕೋಟಿನ ಡೊಳ್ಳುಹೊಟ್ಟೆ ದೊರೆ ಕುದುರೆಯ ತಲೆಯ ಮೇಲಿಂದ ಹಾರಿ ಹಳ್ಳಕ್ಕೆ ಬಿದ್ದಿದ್ದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಈ ಜಟ್ಟಿಯ ಮೀಸೆಗೂ ಕೆಸರು. ನರಿ ದಿಬ್ಬದ ಮೇಲೆ ಕೂತು ನೋಡುತ್ತಿತ್ತು.

ತಾತನ ಕಣ್ಣಿಗೆ ಪೊರೆ ಬಂದಿತ್ತು. ಹತ್ತು ವರ್ಷದ ನಾನೇ ಅವನಿಗೆ ಪಟ ವಿವರಿಸುವವಳು. ಒಂದಕ್ಕೆರಡು ಸೇರಿಸಿ ಹೇಳುತ್ತಿದ್ದೆ. ಅವನು ಕೆಮ್ಮು ಬರುವವರೆಗೂ ನಗುತ್ತಿದ್ದ. ಆ ನಗು ನನಗೆಷ್ಟು ಇಷ್ಟವೆಂದರೆ, ಪಾಪದ ದೊರೆಯನ್ನು ದಿನಕ್ಕೆ ನಾಲ್ಕು ಸಲ ಬೀಳಿಸಿದ್ದೇನೆ.

ಒಂದು ಮಧ್ಯಾಹ್ನ ತಾತ ನಗಲಿಲ್ಲ. "ಪೊದೆ ಬಡಿಯೋರು ಎಲ್ಲವ್ರೆ?" ಎಂದ. "ಬ್ಯಾಟೆ ಎಬ್ಸಾಕೆ ಜನ ಬ್ಯಾಡ್ವಾ? ಸಂದಿಗೊಂದಿ ಎಲ್ಲಾ ನೋಡವ್ವ."

ನೋಡಿದೆ. ಒಬ್ಬನೂ ಇರಲಿಲ್ಲ.

ಆಗ ಹೇಳಿದ. ಪ್ರಾಯದಲ್ಲಿ ಅವನೂ ಅವನ ತಮ್ಮನೂ ಅರಕಲಗೂಡಿನ ಕಡೆಯ ಕಾಡಿನಲ್ಲಿ ದೊರೆಯೊಬ್ಬನ ಬೇಟೆಗೆ ತಮಟೆ ಬಡಿಯಲು ಹೋಗಿದ್ದರು. ಕಾಡುಹಂದಿ ತಮ್ಮನ ಮೇಲೆ ತಿರುಗಿಬಿತ್ತು. ಅವನ ಬೆನ್ನ ಹಿಂದೆ ಮುಳ್ಳುಮೆಳೆ. ಎತ್ತಲೂ ಓಡಲಾಗದೆ ಅಲ್ಲೇ ಸತ್ತ. ಆಮೇಲೆ ದೊರೆ ಹಂದಿಗೆ ಗುಂಡು ಹೊಡೆದು, ಅದರ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಂಡನಂತೆ.

"ನಮ್ನ ಅತ್ಲಾಗೆ ಸರೀರಿ ಅಂದ್ರು ಕಣವ್ವ. ನನ್ ತಮ್ಮುನ್ನ ಎತ್ಕೊಂಡು ಸರುದ್ವಿ," ಎಂದ ತಾತ. "ಈ ಪಟದಾಗೂ ಸರ್ಸವ್ರೇನೋ."

ನನ್ನಿಂದ ತಡೆಯಲಾಗಲಿಲ್ಲ. "ಇಲ್ಲ ತಾತ, ಒಬ್ಬ ಅವ್ನೆ. ಬೇಲಿ ಮಗ್ಗುಲಲ್ಲಿ," ಎಂದುಬಿಟ್ಟೆ. ದೊರೆಯ ವಿಷಯದಲ್ಲಿ ಸಲೀಸಾಗಿ ಸುಳ್ಳು ಹೊಸೆಯುತ್ತಿದ್ದ ನಾಲಿಗೆ ಆವತ್ತು ತೊದಲಿತು.

ತಾತ ಗಾಜಿನ ಮೇಲೆ ಕೈಯಾಡಿಸಿದ. ಅವನ ಬೆರಳು ಹಿಡಿದು ಖಾಲಿ ಬೇಲಿಯ ಮೇಲೆ ಇಟ್ಟೆ.

"ಇವನ ಇಂದೆ ಓಡಾಕೆ ಜಾಗ ಅದೆಯಾ?" ಎಂದು ಕೇಳಿದ.

"ಬೇಕಾದಷ್ಟದೆ ತಾತ. ಬರೀ ಬಯಲು."

"ಅಂಗಾದ್ರೆ ಸರಿ," ಎಂದು ಬೆರಳು ತೆಗೆದ.